ಸತ್ತ ಯಜಮಾನನ ದನಿ

2009ರ ಆರಂಭ. ನಾನು ಚೆನ್ನೈಗೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ವೇಳಚೇರಿಯಲ್ಲಿ ಮೂವರು ಹಂಚಿಕೊಂಡ ಒಂದು ಮನೆ, ಓಎಂಆರ್ ರಸ್ತೆಯಲ್ಲಿ ಕೆಲಸ, ಆಟೋದವರ ಜೊತೆ ಜಗಳವಾಡುವಷ್ಟೂ ತಮಿಳು ಬಾರದ ಬಾಯಿ. ದಿನಕ್ಕೆ ಕನ್ನಡ ಮಾತಾಡುತ್ತಿದ್ದದ್ದು ಎರಡೇ ಸಲ. ರಾತ್ರಿ ಅಮ್ಮನಿಗೆ ಫೋನ್ ಮಾಡಿದಾಗ, ಮತ್ತೆ ರೂಮಿನಲ್ಲಿದ್ದ ಸಾಗರದ ಗೆಳೆಯನ ಜೊತೆ. ಆ ಗೆಳೆಯನೇ ಒಂದು ದಿನ ಬಂದು, ಐಐಟಿ ಮದ್ರಾಸಿನ ಸಾರಂಗ್ ಉತ್ಸವಕ್ಕೆ ಓಪೆತ್ ಬರ್ತಿದೆ ಎಂದ. ನಾನು ನಂಬಲಿಲ್ಲ. ಸ್ವೀಡನ್ನಿನ ಡೆತ್ ಮೆಟಲ್ ತಂಡವೊಂದು ನಮ್ಮ ಮನೆಯಿಂದ ನಡೆದುಹೋಗುವಷ್ಟು ದೂರದಲ್ಲಿ ಹಾಡುತ್ತದೆ ಎಂದರೆ ನಂಬುವುದಾದರೂ ಹೇಗೆ?

ಬಂದರು. ಹಾಡಿದರು. ಆಲದ ಮರಗಳೂ ಜಿಂಕೆಗಳೂ ಇರುವ ಆ ಆವರಣದಲ್ಲಿ, ಜನವೋ ಜನ. ನನಗೆ ಆ ರಾತ್ರಿಯಿಂದ ಸ್ಪಷ್ಟವಾಗಿ ಉಳಿದಿರುವುದು ಹಾಡುಗಳಲ್ಲ, ಹಾಡುಗಳ ನಡುವಿನ ಮಾತು. ಮಿಕೇಲ್ ಓಕರ್‌ಫೆಲ್ಟ್ ಎಂಬ ಆ ಉದ್ದ ಕೂದಲಿನ ಮನುಷ್ಯ ಪಕ್ಕದ ಮನೆಯವರ ಹಾಗೆ ಮೆಲ್ಲಗೆ, ಸ್ವಲ್ಪ ಸೋಮಾರಿಯಾಗಿ, ತಮಾಷೆ ಮಾಡುತ್ತಾ ಮಾತಾಡುತ್ತಿದ್ದ. ಮರುಕ್ಷಣ ಅದೇ ಗಂಟಲಿನಿಂದ ನೆಲದಡಿಯಿಂದ ಎದ್ದುಬಂದಂಥ ಗುಟುರು. ಇಂಗ್ಲಿಷಿನಲ್ಲಿ ಗ್ರೋಲ್ ಎನ್ನುವುದಕ್ಕೆ ನಾನು ಗುಟುರು ಎಂದೇ ಬರೆಯುತ್ತೇನೆ. ಹೋರಿ ಹಾಕುವುದೂ ಅದನ್ನೇ.

ಈ ಗುಟುರಿನ ಬಗ್ಗೆಯೇ ಈ ಬರಹ. ಆ ರಾತ್ರಿಯ ಎರಡು ವರ್ಷಗಳ ನಂತರ ಅದು ಓಪೆತ್‌ನ ಆಲ್ಬಂಗಳಿಂದ ಮಾಯವಾಯಿತು. 2024ರ ನವೆಂಬರಿನಲ್ಲಿ ಮರಳಿ ಬಂತು. ಹಳೇ ಓಪೆತ್ ವಾಪಸ್ ಬಂತು ಎಂದು ಜಗತ್ತಿನ ಮೆಟಲ್ ಮಂದಿಯೆಲ್ಲ ಕುಣಿದರು. ನಾನೂ ಕುಣಿದೆ. ಆಮೇಲೆ ಕೂತು ಕೇಳಿದಾಗ, ಬಂದದ್ದು ಹಳೆಯದಲ್ಲ ಎನಿಸಿತು.

ಮೊದಲು ಗುಟುರು ಅಂದರೆ ಏನೆಂದು ಹೇಳಿಬಿಡುತ್ತೇನೆ. ನಮ್ಮ ಗಂಟಲಿನಲ್ಲಿ ಮಾತಾಡಲು ಬಳಸುವ ಸ್ವರತಂತುಗಳ ಮೇಲೆಯೇ ಇನ್ನೊಂದು ಜೊತೆ ಮಡಿಕೆಗಳಿವೆ. ಅವಕ್ಕೆ ಸುಳ್ಳು ಸ್ವರತಂತು ಎಂದು ಹೆಸರು. ಮಾಮೂಲಿ ಮಾತಿನಲ್ಲಿ ಅವುಗಳಿಗೆ ಹೆಚ್ಚು ಕೆಲಸವಿಲ್ಲ. ಡೆತ್ ಮೆಟಲ್ ಗಾಯಕ ಅವುಗಳನ್ನು ಹತ್ತಿರ ತಂದು ಕಂಪಿಸುವಂತೆ ಮಾಡುತ್ತಾನೆ. ಮಂಗೋಲಿಯಾದ ಪಕ್ಕದ ತುವಾ ನಾಡಿನ ತಗ್ಗು ಸ್ಥಾಯಿಯ ಹಾಡುಗಾರಿಕೆಯಲ್ಲೂ ಇವೇ ಮಡಿಕೆಗಳು ಕೆಲಸ ಮಾಡುತ್ತವೆ. ಸರಿಯಾಗಿ ಕಲಿತವರಿಗೆ ಗಂಟಲು ಹರಿಯುವುದಿಲ್ಲ, ಕಲಿಯದೆ ಕಿರುಚಿದವರಿಗೆ ಎರಡೇ ವಾರದಲ್ಲಿ ಮಾತು ಹೋಗುತ್ತದೆ. ಎರಡನೆಯದನ್ನು ನಾನು ಪುಸ್ತಕ ಓದಿ ಹೇಳುತ್ತಿಲ್ಲ.

ನನ್ನ ಅಮ್ಮ ಕುಂದಾಪುರದವಳು. ರಜೆಯಲ್ಲಿ ಮನೆಗೆ ಹೋದಾಗ ನಾನು ಹಚ್ಚಿದ ಹಾಡು ಕೇಳಿ ಅವಳು ಹೇಳಿದ್ದು, "ಇದೆಂತ ಮಗಾ, ಬಣ್ಣದ್ ವೇಷದವ್ರಿಗೆ ಕೆಮ್ಮು ಬಂದಂಗ್ ಕೇಣ್ತ್." ತಮಾಷೆಗೆ ಅಂದದ್ದು. ಆದರೆ ಅದಕ್ಕಿಂತ ಒಳ್ಳೆಯ ವಿಮರ್ಶೆಯನ್ನು ನಾನು ಈವರೆಗೆ ಓದಿಲ್ಲ. ಯಕ್ಷಗಾನದ ಬಣ್ಣದ ವೇಷ ರಂಗಕ್ಕೆ ಬರುವ ಮೊದಲೇ ತೆರೆಯ ಹಿಂದಿನಿಂದ ಆರ್ಭಟಿಸುತ್ತದೆ. ಹಿಂದೆಲ್ಲ ದೊಂದಿಗೆ ರಾಳ ಎರಚಿದಾಗ ಭಗ್ಗೆಂದು ಬೆಂಕಿ ಏಳುತ್ತಿತ್ತಂತೆ. ಮಕ್ಕಳು ಅಜ್ಜಿಯ ಸೆರಗಿನೊಳಗೆ. ಅಷ್ಟು ಅಬ್ಬರಿಸಿದ ಕಲಾವಿದ ಬೆಳಗಿನ ಜಾವ ಚೌಕಿಯಲ್ಲಿ ಬಣ್ಣ ಒರೆಸುತ್ತಾ ಚಹಾ ಕೇಳುವಾಗ ಅವನ ದನಿ ನಮ್ಮ ಶಾಲೆಯ ಮೇಷ್ಟ್ರ ದನಿಗಿಂತ ಮೆತ್ತಗೆ. ಆರ್ಭಟ ಅವನದಲ್ಲ, ವೇಷದ್ದು. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಡೆತ್ ಮೆಟಲ್ ಹುಟ್ಟಿದ್ದು ಅಮೆರಿಕದಲ್ಲಿ. ಕ್ಯಾಲಿಫೋರ್ನಿಯಾದ ಪೊಸೆಸ್ಡ್ ತಂಡದ 'ಸೆವೆನ್ ಚರ್ಚಸ್' 1985ರದು, ಫ್ಲಾರಿಡಾದ ಡೆತ್ ತಂಡದ 'ಸ್ಕ್ರೀಮ್ ಬ್ಲಡಿ ಗೋರ್' 1987ರದು. ಅಲ್ಲಿಂದ ಕ್ಯಾಸೆಟ್‌ಗಳು ಅಂಚೆಯಲ್ಲಿ ಊರೂರು ಸುತ್ತಿದವು. ಸ್ಟಾಕ್‌ಹೋಮಿನ ಹುಡುಗರ ಕೈಗೂ ಸಿಕ್ಕಿದವು. ಅವರು ಟೊಮಸ್ ಸ್ಕೋಗ್ಸ್‌ಬರ್ಗ್ ಎಂಬಾತನ ಸನ್‌ಲೈಟ್ ಸ್ಟುಡಿಯೋಗೆ ಹೋಗಿ, ಬಾಸ್ ಕಂಪನಿಯ ಎಚ್‌ಎಂ-2 ಎಂಬ ಪುಟ್ಟ ಪೆಡಲಿನ ಗುಬುಟುಗಳನ್ನೆಲ್ಲ ಕೊನೆತನಕ ತಿರುಗಿಸಿ, ಗರಗಸ ಎಳೆದಂಥ ಗಿಟಾರ್ ಸದ್ದೊಂದನ್ನು ಮಾಡಿದರು. ಎಂಟೂಮ್ಡ್ ತಂಡದ 'ಲೆಫ್ಟ್ ಹ್ಯಾಂಡ್ ಪಾತ್' 1990ರಲ್ಲಿ ಬಂತು, ಮರುವರ್ಷ ಡಿಸ್‌ಮೆಂಬರ್ ತಂಡದ ಮೊದಲ ಆಲ್ಬಂ. ಇದೇ ಸ್ಟಾಕ್‌ಹೋಮ್ ಸದ್ದು.

ಓಪೆತ್ ಹುಟ್ಟಿದ್ದೂ ಅದೇ ಊರಿನಲ್ಲಿ, ಅದೇ ಕಾಲದಲ್ಲಿ, 1990ರಲ್ಲಿ. ಹುಟ್ಟಿದ ರೀತಿ ಮಾತ್ರ ಸಂಘ ಸಂಸ್ಥೆಗಳ ಜಗಳದಂತಿದೆ. ಡೇವಿಡ್ ಇಸ್‌ಬರ್ಗ್ ಎಂಬವನು ತಂಡ ಕಟ್ಟಿದ. ಬಾಸ್ ಗಿಟಾರ್ ನುಡಿಸಲು ಹದಿಹರೆಯದ ಓಕರ್‌ಫೆಲ್ಟ್‌ನನ್ನು ಕರೆದ. ಆದರೆ ತಂಡದಲ್ಲಿ ಆಗಲೇ ಇದ್ದವರಿಗೆ ಅದನ್ನು ಹೇಳಿರಲಿಲ್ಲ. ಹೊಸ ಹುಡುಗ ಅಭ್ಯಾಸಕ್ಕೆ ಬಂದ ದಿನ ಉಳಿದವರೆಲ್ಲ ಎದ್ದುಹೋದರು. 1992ರಲ್ಲಿ ಇಸ್‌ಬರ್ಗ್ ಕೂಡ ಹೊರಟ. ಕರೆಸಿಕೊಂಡು ಬಂದವನೇ ಮನೆಯ ಯಜಮಾನನಾದ. ತಂಡದ ಹೆಸರು ವಿಲ್ಬರ್ ಸ್ಮಿತ್‌ನ 'ದಿ ಸನ್‌ಬರ್ಡ್' ಕಾದಂಬರಿಯಲ್ಲಿ ಬರುವ ಓಪೆಟ್ ಎಂಬ ಕಲ್ಪಿತ ನಗರದಿಂದ ಬಂದದ್ದು.

ಇಲ್ಲೊಂದು ಮಾತು. ಓಪೆತ್ ಹುಟ್ಟಿದ ಊರಿನ ಸದ್ದು ಗರಗಸದ್ದಾದರೂ ಓಪೆತ್‌ನ ಸದ್ದು ಮೊದಲಿನಿಂದಲೂ ಅದಾಗಿರಲಿಲ್ಲ. 1995ರ 'ಆರ್ಕಿಡ್', 1996ರ 'ಮಾರ್ನಿಂಗ್‌ರೈಸ್' ಎರಡನ್ನೂ ಕೇಳಿ. ಎರಡು ಗಿಟಾರ್ ಒಂದರ ಹೆಗಲ ಮೇಲೆ ಒಂದು ಕೈಹಾಕಿ ನಡೆದಂಥ ಉದ್ದುದ್ದ ರಾಗ, ನಡುವೆ ದಿಢೀರನೆ ಅಕೌಸ್ಟಿಕ್ ಗಿಟಾರಿನ ಜಗಲಿ, ಗಂಟಲಿನದು ಗುಟುರಿಗಿಂತ ಹೆಚ್ಚಾಗಿ ಒಂದು ಬಗೆಯ ಚೀರು. 'ಮಾರ್ನಿಂಗ್‌ರೈಸ್‌'ನಲ್ಲಿ ಇರುವುದು ಐದೇ ಹಾಡು, ಒಟ್ಟು ಒಂದು ಗಂಟೆಗೂ ಮಿಕ್ಕಿ. ಅದರಲ್ಲೊಂದು ಹಾಡು 20 ನಿಮಿಷದ್ದು. ನಾವು ಇವತ್ತು ಓಪೆತ್ ಗುಟುರು ಎಂದು ಗುರುತಿಸುವ ಆಳದ ಕತ್ತಲೆ ದನಿ ಗಟ್ಟಿಯಾದದ್ದು 1998ರ ಮೂರನೇ ಆಲ್ಬಮಿನಿಂದ ಈಚೆಗೆ. ಅದು ಪಕ್ವವಾದದ್ದು 2001ರ 'ಬ್ಲ್ಯಾಕ್‌ವಾಟರ್ ಪಾರ್ಕ್‌'ನಲ್ಲಿ, ಪಾರ್ಕ್ಯುಪೈನ್ ಟ್ರೀ ತಂಡದ ಸ್ಟೀವನ್ ವಿಲ್ಸನ್ ನಿರ್ಮಾಣಕ್ಕೆ ಕೈಜೋಡಿಸಿದ ಮೇಲೆ.

ಹಾಗಾದರೆ ಓಪೆತ್‌ನ ಮೊದಲ ಸದ್ದು ಯಾವುದು? 1995ರದೋ, 2001ರದೋ? 'ಹಳೇ ಓಪೆತ್ ಬೇಕು' ಎಂದು ಹತ್ತು ವರ್ಷ ಗೋಳಾಡಿದವರಲ್ಲಿ 'ಆರ್ಕಿಡ್' ಬೇಕು ಎಂದವರು ಬೆರಳೆಣಿಕೆ. ಅವರಿಗೆ ಬೇಕಾಗಿದ್ದದ್ದು ನಡುಗಾಲದ ಓಪೆತ್. ಅಂದರೆ ಅವರು ಬಸ್ಸು ಹತ್ತಿದ ಸ್ಟಾಪು. ನನ್ನದೂ ಅದೇ. 'ಬ್ಲ್ಯಾಕ್‌ವಾಟರ್ ಪಾರ್ಕ್' ನನಗೆ ಸಿಕ್ಕಿದ್ದು ರಿಚ್ಚಿ ಸ್ಟ್ರೀಟಿನಲ್ಲಿ ಕೊಂಡ ಹಾರ್ಡ್ ಡಿಸ್ಕಿಗೆ ಗೆಳೆಯನೊಬ್ಬ ತುಂಬಿಕೊಟ್ಟ ಎಂಪಿ3 ರಾಶಿಯಲ್ಲಿ. ಸಾಚಾ ಸಿ.ಡಿ. ಕೊಳ್ಳುವಷ್ಟು ಸಂಬಳ ಬಂದಾಗ ಸಿ.ಡಿ. ಹಾಕುವ ಯಂತ್ರವೇ ಮನೆಯಲ್ಲಿ ಇರಲಿಲ್ಲ.

ಮಾರ್ಗಳಿ ತಿಂಗಳಿನಲ್ಲಿ ಮೈಲಾಪುರದ ಸಭಾ ಕ್ಯಾಂಟೀನುಗಳಲ್ಲಿ ಕೂತು ನೋಡಿದರೆ ಇದೇ ವಾದ ಇಡ್ಲಿ ಸಾಂಬಾರಿನ ಜೊತೆ ನಡೆಯುತ್ತಿರುತ್ತದೆ. ಇಂಥ ವಿದ್ವಾಂಸರ ಶಾರೀರ ಈಗ ಮೊದಲಿನಂತಿಲ್ಲ ಎನ್ನುವ ಮಾಮಾನಿಗೆ 'ಮೊದಲು' ಅಂದರೆ ತನಗೆ ಕೆಲಸ ಸಿಕ್ಕ ವರ್ಷ.

ಗುಟುರು ಒಂದೇ ದಿನ ನಿಂತದ್ದೂ ಅಲ್ಲ. 2002ರಲ್ಲಿ 'ಡೆಲಿವರೆನ್ಸ್', 2003ರಲ್ಲಿ 'ಡ್ಯಾಮ್ನೇಶನ್' ಎಂದು ಒಂದೇ ಕಾಲಕ್ಕೆ ತಯಾರಿಸಿದ ಜೋಡಿ ಆಲ್ಬಂಗಳನ್ನು ತಂಡ ಹೊರತಂದಿತು. ಮೊದಲನೆಯದು ಅತ್ಯಂತ ಒರಟು. ಎರಡನೆಯದರಲ್ಲಿ ಗುಟುರೇ ಇಲ್ಲ, ಮಳೆಗಾಲದ ಮಧ್ಯಾಹ್ನದಂಥ ಹಾಡುಗಳು. ಆಗ ಯಾರೂ ಬೈಯಲಿಲ್ಲ. ಇದೊಂದು ಬಿಡುವು, ಮತ್ತೆ ಬರುತ್ತಾರೆ ಎಂದುಕೊಂಡರು. ಬಂದರು ಕೂಡ. 2008ರ 'ವಾಟರ್‌ಶೆಡ್‌'ನಲ್ಲಿ ಗುಟುರಿತ್ತು. ಚೆನ್ನೈಗೆ ಬಂದಾಗ ಆ ಆಲ್ಬಂಗೆ ಇನ್ನೂ ವರ್ಷ ತುಂಬಿರಲಿಲ್ಲ.

ಮುಂದಿನ ಆಲ್ಬಮಿಗಾಗಿ ಓಕರ್‌ಫೆಲ್ಟ್ ಅದೇ ಜಾಡಿನಲ್ಲಿ ಎರಡು ಹಾಡು ಬರೆದ. ಉರುಗ್ವೆ ಮೂಲದ ಬಾಸ್ ವಾದಕ ಮಾರ್ಟಿನ್ ಮೆಂಡೆಸ್, ಇದೇ ದಾರಿಯಲ್ಲಿ ಮುಂದುವರಿದರೆ ನನಗೆ ನಿರಾಸೆಯಾಗುತ್ತದೆ ಎಂದನಂತೆ. ಬರೆದದ್ದನ್ನು ಬಿಸಾಕಿ ಹೊಸದಾಗಿ ಶುರುಮಾಡಿದರು. 2011ರಲ್ಲಿ ಬಂದ ಆ ಆಲ್ಬಮಿನ ಹೆಸರು 'ಹೆರಿಟೇಜ್', ಪಿತ್ರಾರ್ಜಿತ. ಮುಖಪುಟದಲ್ಲಿ ಒಂದು ಮರ. ಕೊಂಬೆಗಳಲ್ಲಿ ಹಣ್ಣುಗಳ ಹಾಗೆ ತಂಡದವರ ತಲೆಗಳು. ಆಗಷ್ಟೇ ತಂಡ ಬಿಟ್ಟ ಕೀಬೋರ್ಡ್ ವಾದಕ ಪೆರ್ ವಿಬರ್ಗ್‌ನ ತಲೆ ಮಾತ್ರ ಕೆಳಗೆ ಉದುರುತ್ತಿದೆ. ಬುಡದಲ್ಲಿ ಮೊದಲೇ ಹೋದವರ ಬುರುಡೆಗಳು. ಇದಕ್ಕಿಂತ ನೇರವಾಗಿ ಹೇಳುವುದು ಕಷ್ಟ. ಒಳಗಿನ ಸಂಗೀತ 70ರ ದಶಕದ ಪ್ರೊಗ್ರೆಸಿವ್ ರಾಕ್‌ನದು, ಓಕರ್‌ಫೆಲ್ಟ್ ಹುಟ್ಟಿದ ದಶಕದ್ದು. 1974ರಲ್ಲಿ ಹುಟ್ಟಿದವನು ಅವನು. ಅಭಿಮಾನಿಗಳು ತಾವು ಬಸ್ಸು ಹತ್ತಿದ ಸ್ಟಾಪಿಗೆ ವಾಪಸ್ ಹೋಗಬೇಕು ಎನ್ನುತ್ತಿದ್ದಾಗ, ಡ್ರೈವರು ಅದಕ್ಕಿಂತ ಹಿಂದಿನ ತನ್ನ ಸ್ಟಾಪಿಗೆ ಹೊರಟುಬಿಟ್ಟಿದ್ದ.

ಸಾಗರದ ಗೆಳೆಯ ಸಿಟ್ಟಾದ. ಕಂಪನಿ ಬದಲಾಯಿಸಿ ಹೈದರಾಬಾದಿಗೆ ಹೋಗಿದ್ದವನು ಫೋನಿನಲ್ಲೇ ಅರ್ಧ ಗಂಟೆ ಬೈದ. ನಾನು ಅದು ಒಳ್ಳೆಯ ಆಲ್ಬಂ ಎಂದೆ. (ಈಗಲೂ ಹಾಗೇ ಅನ್ನುತ್ತೇನೆ. ನಂತರದ 'ಸಾರ್ಸರೆಸ್' ಬಗ್ಗೆ ಮಾತ್ರ ಆ ಧೈರ್ಯವಿಲ್ಲ.) 2012ರಲ್ಲಿ ಓಪೆತ್ ಬೆಂಗಳೂರಿಗೆ ಬಂದಾಗ, ಸೇರಿ ಹೋಗೋಣ ಎಂದು ಅವನೂ ಕರೆಯಲಿಲ್ಲ, ನಾನೂ ಕರೆಯಲಿಲ್ಲ. ಒಂದು ಆಲ್ಬಮಿಗಾಗಿ ಜಗಳವೇ ಎಂದು ನೀವು ಕೇಳಬಹುದು. ಜಗಳ ಆಲ್ಬಮಿನದಾಗಿರಲಿಲ್ಲ ಎಂದು ತಿಳಿಯಲು ನಮಗೆ ಬಹಳ ವರ್ಷ ಹಿಡಿಯಿತು. ಬೇರೆ ಬೇರೆ ಊರುಗಳಲ್ಲಿ ನಾವಿಬ್ಬರೂ ಬೇರೆಯವರಾಗುತ್ತಿದ್ದೆವು. ಯಾರಾದರೊಬ್ಬರು ಹಾಗೇ ಇರಲಿ ಎಂಬ ಆಸೆ ಇಬ್ಬರಿಗೂ ಇತ್ತು. ಅದನ್ನು ಓಪೆತ್ ತಲೆಗೆ ಕಟ್ಟಿದೆವು.

ಗಂಟಲು ಹೋಗಿದ್ದಕ್ಕೆ ಗುಟುರು ಬಿಟ್ಟ ಎಂಬ ಮಾತು ಓಡಾಡಿತ್ತು. ಅದು ನಿಲ್ಲುವ ಮಾತಲ್ಲ. 'ಹೆರಿಟೇಜ್' ಬಂದ ಮೊದಲ ದಿನಗಳ ಪ್ರವಾಸವನ್ನು ಬಿಟ್ಟರೆ, ವೇದಿಕೆಯಲ್ಲಿ ಹಳೆಯ ಒರಟು ಹಾಡುಗಳನ್ನು ಅವನು ಹಾಡುತ್ತಲೇ ಇದ್ದ. ಇನ್ನೂ ಮಜಾ ಎಂದರೆ ಬ್ಲಡ್‌ಬಾತ್ ಎಂಬ ಇನ್ನೊಂದು ತಂಡ. 1998ರಲ್ಲಿ ಕೆಟಟೋನಿಯಾ ತಂಡದ ಇಬ್ಬರು, ಡಾನ್ ಸ್ವಾನೋ ಮತ್ತು ಓಕರ್‌ಫೆಲ್ಟ್ ಸೇರಿ ಹಳೇ ಕಾಲದ ಡೆತ್ ಮೆಟಲ್ಲಿಗಾಗಿಯೇ ಕಟ್ಟಿಕೊಂಡದ್ದು ಅದು. ಒಂದು ಕೈಯಲ್ಲಿ 'ಹೆರಿಟೇಜ್' ಬಿಡುಗಡೆ ಮಾಡುವಾಗಲೂ ಅವನು ಬ್ಲಡ್‌ಬಾತ್‌ನ ಗಾಯಕನಾಗಿದ್ದ, ಬಿಟ್ಟದ್ದು 2012ರಲ್ಲಿ. ಅದಕ್ಕೂ ಹಿಂದೆ, ಕೆಟಟೋನಿಯಾದ ಯೋನಾಸ್ ರೆಂಕ್ಸೆಗೆ ಗುಟುರು ಹಾಕಲು ಆಗದೇ ಹೋದಾಗ 1996ರ 'ಬ್ರೇವ್ ಮರ್ಡರ್ ಡೇ' ಆಲ್ಬಮಿಗೆ ತನ್ನ ಗಂಟಲನ್ನು ಕಡ ಕೊಟ್ಟವನೂ ಇವನೇ. ಗಂಟಲು ಇತ್ತು. ಅದನ್ನು ಯಾವ ಮನೆಯಲ್ಲಿ ಬಳಸಬೇಕು ಎಂಬುದಷ್ಟೇ ಪ್ರಶ್ನೆ.

ಹಿಂತಿರುಗಿದವರು ಬೇರೆಯವರೂ ಇದ್ದಾರೆ. ಫ್ಲಾರಿಡಾದ ಮಾರ್ಬಿಡ್ ಏಂಜೆಲ್ 2011ರಲ್ಲಿ ಇಂಡಸ್ಟ್ರಿಯಲ್ ಸದ್ದು ಬೆರೆಸಿದ ಆಲ್ಬಂ ತಂದು ಉಗಿಸಿಕೊಂಡು, ಹಳೆಯ ಗಾಯಕ ಸ್ಟೀವ್ ಟಕರ್‌ನನ್ನು ಕರೆಸಿ, 2017ರ ಆಲ್ಬಮಿನಲ್ಲಿ ಹಳೇ ದಾರಿ ಹಿಡಿಯಿತು. ಅದು ತಪ್ಪೊಪ್ಪಿಗೆ. ಡಿಸ್‌ಮೆಂಬರ್‌ನ ಮೊದಲ ದಿನಗಳ ಗೆಳೆಯರು 2019ರಲ್ಲಿ ಒಂದಾದರು, ಅದು ಹಳೆ ವಿದ್ಯಾರ್ಥಿಗಳ ಸಮಾವೇಶ. ಹಾಗೆ ಹೇಳಿದ್ದು ಹಗುರಾಗಿ ಅಲ್ಲ, ಅಂಥ ಸಮಾವೇಶಗಳಲ್ಲಿ ನಾನೇ ಅತ್ತಿದ್ದೇನೆ. ಆದರೆ ಓಪೆತ್‌ನ ಮರಳುವಿಕೆ ಎರಡರಲ್ಲಿ ಒಂದೂ ಅಲ್ಲ.

ಗುಟುರಿಗಿಂತ ಮೊದಲು ಮರಳಿದ್ದು ಭಾಷೆ. ಇದನ್ನು ಮೆಟಲ್ ಪತ್ರಿಕೆಗಳು ವಿಶೇಷ ಸುದ್ದಿ ಎಂದಷ್ಟೇ ಬರೆದವು. ಹೊರನಾಡಿನಲ್ಲಿ ಕೂತ ನಮಗೆ ಅದು ಅಷ್ಟಕ್ಕೇ ಮುಗಿಯುವುದಿಲ್ಲ. 2019ರ 'ಇನ್ ಕೌಡಾ ವೆನೆನಮ್' ಆಲ್ಬಮನ್ನು ಓಕರ್‌ಫೆಲ್ಟ್ ಮೊದಲು ಬರೆದದ್ದು ಸ್ವೀಡಿಷ್ ಭಾಷೆಯಲ್ಲಿ. ಆಮೇಲೆ ಇಂಗ್ಲಿಷಿನಲ್ಲೂ ಹಾಡಿ, ಎರಡು ಆವೃತ್ತಿಯಾಗಿ ಹೊರತಂದರು. ಹೆಸರು ಮಾತ್ರ ಲ್ಯಾಟಿನ್, ಬಾಲದಲ್ಲಿ ವಿಷ ಎಂದರ್ಥ. ಹುಟ್ಟಿದ್ದು, ಬೆಳೆದದ್ದು, ಬದುಕುವುದು ಎಲ್ಲ ಸ್ಟಾಕ್‌ಹೋಮಿನಲ್ಲೇ ಆದ ಮನುಷ್ಯ ಒಂದಿಡೀ ಆಲ್ಬಮನ್ನು ತಾಯ್ನುಡಿಯಲ್ಲಿ ಹಾಡಲು ಸುಮಾರು ಮೂವತ್ತು ವರ್ಷ ತೆಗೆದುಕೊಂಡ. ಡೆತ್ ಮೆಟಲ್ ಅವರಿಗೆ ಕ್ಯಾಸೆಟ್ಟಿನ ಜೊತೆ ಇಂಗ್ಲಿಷಿನಲ್ಲೇ ಬಂದಿತ್ತು. ಬೆಂಗಳೂರಿನಲ್ಲಿ 1998ರಲ್ಲಿ ಶುರುವಾದ ಕ್ರಿಪ್ಟೋಸ್ ತಂಡವೂ ಹಾಡುವುದು ಇಂಗ್ಲಿಷಿನಲ್ಲೇ.

ನಾನು ಎರಡನ್ನೂ ಒಂದರ ಹಿಂದೆ ಒಂದು ಕೇಳಿದೆ. ಸ್ವೀಡಿಷ್ ನನಗೆ ಒಂದಕ್ಷರ ಬಾರದು. ಆದರೂ ಸ್ವೀಡಿಷ್ ಆವೃತ್ತಿಯಲ್ಲಿ ಗಂಟಲಿಗೆ ಒಂದು ಬಗೆಯ ನಿರಾಳವಿದೆ, ಮನೆಗೆ ಬಂದು ಪ್ಯಾಂಟು ಬಿಚ್ಚಿ ಲುಂಗಿ ಉಟ್ಟ ಹಾಗೆ. ಮಜಾ ನೋಡಿ, ಇದು ಅವರ ಆರಂಭದ ಸದ್ದಲ್ಲ. ಆರಂಭದಲ್ಲಿ ಇದ್ದದ್ದು ಇಂಗ್ಲಿಷ್. ಅವನ ಆರಂಭಕ್ಕಿಂತಲೂ ಹಿಂದಿನದು ಕೊನೆಗೆ ಬಂತು.

ಆ ವರ್ಷವೇ ಊರಿಗೆ ಹೋದಾಗ ಅಮ್ಮ ಕೇಳಿದ್ದಳು, "ನಿನ್ ಭಾಷಿ ಎಲ್ಲ್ ಹೋಯ್ತಾ?" ಚೆನ್ನೈಯಲ್ಲಿ ಕನ್ನಡಿಗರು ಸಿಕ್ಕಾಗ ಹುಬ್ಬಳ್ಳಿಯವರಿಗೂ ಮೈಸೂರಿನವರಿಗೂ ಅರ್ಥವಾಗಲಿ ಎಂದು ನಾನು ಪುಸ್ತಕದ ಕನ್ನಡ ಆಡುತ್ತೇನೆ. ಅದೇ ಅಂಟಿಕೊಂಡಿತ್ತು. ನಾನು ಕೂಡಲೇ ಕುಂದಾಪುರದ ಕನ್ನಡಕ್ಕೆ ಹೊರಳಿದೆ. ಅಮ್ಮ ನಕ್ಕಳು. ಹೊರಳಿದ್ದು ಸರಿಯಾಗಿಯೇ ಇತ್ತು, ಆದರೆ ಹೊರಳಿದ್ದು ಅವಳಿಗೆ ಕೇಳಿಸಿತು. ಅದರ ಮೊದಲು ಹೊರಳುವ ಸದ್ದು ಇರುತ್ತಿರಲಿಲ್ಲ.

2024ರ ಆಗಸ್ಟಿನಲ್ಲಿ ಓಪೆತ್‌ನ ಹೊಸ ಹಾಡು ಬಂತು. ಒಂದೆರಡು ನಿಮಿಷದೊಳಗೆ ಗುಟುರು. ಆಫೀಸಿನಲ್ಲಿ ಇಯರ್‌ಫೋನ್ ಹಾಕಿಕೊಂಡಿದ್ದ ನಾನು ಎದ್ದು ನಿಂತುಬಿಟ್ಟೆ. ನವೆಂಬರ್ 22ಕ್ಕೆ 'ದಿ ಲಾಸ್ಟ್ ವಿಲ್ ಅಂಡ್ ಟೆಸ್ಟಮೆಂಟ್' ಪೂರ್ತಿ ಬಂತು. ಹೆಸರೇ ಮರಣಶಾಸನ, ಉಯಿಲು. ಮೊದಲನೇ ಮಹಾಯುದ್ಧದ ನಂತರದ ಕಾಲ. ಒಬ್ಬ ಸಿರಿವಂತ, ಕಟ್ಟುನಿಟ್ಟಿನ ಯಜಮಾನ ಸತ್ತಿದ್ದಾನೆ. ಬಂಗಲೆಯಲ್ಲಿ ಉಯಿಲು ಓದಲಾಗುತ್ತಿದೆ. ಅವಳಿ ಮಕ್ಕಳಿದ್ದಾರೆ. ಪೋಲಿಯೋ ಆದ, ಆ ಮನೆಯಲ್ಲೇ ಬೆಳೆದ ಅನಾಥ ಹುಡುಗಿಯೂ ಕೂತಿದ್ದಾಳೆ. ಇವಳು ಇಲ್ಲೇಕೆ ಎಂದು ಅವಳಿಗಳಿಗೆ ಗುಮಾನಿ. ಹಾಡುಗಳಿಗೆ ಹೆಸರಿಲ್ಲ, ಉಯಿಲಿನ ಕಲಮುಗಳಂತೆ ಒಂದರಿಂದ ಏಳರವರೆಗೆ ಸಂಖ್ಯೆ ಮಾತ್ರ. ಕೊನೆಯದೊಂದಕ್ಕೆ ಮಾತ್ರ ಹೆಸರಿದೆ. ಜೆತ್ರೋ ಟಲ್‌ನ ಇಯಾನ್ ಆಂಡರ್ಸನ್ ನಡುನಡುವೆ ಮಾತಾಡುತ್ತಾನೆ, ಕೊಳಲೂ ಊದುತ್ತಾನೆ.

ಗುಟುರು ಯಾರದು? ಹೆಚ್ಚಾಗಿ ಆ ಸತ್ತ ಯಜಮಾನನದು. ಕಾಗದದೊಳಗಿಂದ ಏಳುವ ಅವನ ಅಧಿಕಾರ, ಅವನ ತಪ್ಪೊಪ್ಪಿಗೆ, ಅವನ ಸೇಡು. ನನಗೆ ಚಕಿತವೆನಿಸಿದ್ದು ಇದು. 1998ರಲ್ಲಿ, 2001ರಲ್ಲಿ ಗುಟುರು ತಂಡದ ದನಿಯಾಗಿತ್ತು. ಡೆತ್ ಮೆಟಲ್ ಆದ್ದರಿಂದ ಗುಟುರು, ಅದಕ್ಕೆ ಬೇರೆ ಕಾರಣ ಬೇಕಿರಲಿಲ್ಲ. 1999ರ 'ಸ್ಟಿಲ್ ಲೈಫ್‌'ನಲ್ಲೂ ಒಂದು ಕಥೆಯಿತ್ತು, ಊರಿನಿಂದ ಹೊರಹಾಕಲ್ಪಟ್ಟವನೊಬ್ಬ ಮರಳುವ ಕಥೆ. ಆದರೆ ಅಲ್ಲಿ ಒಬ್ಬನೇ ಮನುಷ್ಯ ಸಿಟ್ಟಿನಲ್ಲಿ ಗುಟುರಿ ದುಃಖದಲ್ಲಿ ಹಾಡುತ್ತಿದ್ದ. 2024ರಲ್ಲಿ ಗುಟುರಿಗೆ ಒಂದು ವೇಷ ಸಿಕ್ಕಿದೆ. ತೆರೆಯ ಹಿಂದಿನಿಂದ ಆರ್ಭಟಿಸುವ ಬಣ್ಣದ ವೇಷ. ಅದರ ಸುತ್ತ ಇರುವ ಸಂಗೀತವೋ, 'ಹೆರಿಟೇಜ್' ನಂತರ ಕಲಿತದ್ದೇ. ತಿರುವು ಮುರುವಿನ ತಾಳ, ತಂತಿವಾದ್ಯಗಳ ಮೇಳ, ಹಾಡುಗಳು 20 ನಿಮಿಷಕ್ಕಲ್ಲ, ಬಿಗಿಯಾಗಿ ಕತ್ತರಿಸಿದವು. ಗುಟುರು ಬಿಟ್ಟುಹೋದ ಆ ವರ್ಷಗಳು ಇಲ್ಲದಿದ್ದರೆ ಈ ಆಲ್ಬಂ ಸಾಧ್ಯವಿರಲಿಲ್ಲ.

ದನಿ ಬಂತು, ಮನೆ ಬೇರೆಯದು. ಹಾಗಾಗಿ 'ಹಳೇ ಓಪೆತ್ ಬಂತು' ಎನ್ನುವುದು ನನ್ನ ಕಿವಿಗೆ ಒಪ್ಪುವುದಿಲ್ಲ. ಹೊಸ ಓಪೆತ್‌ಗೆ ಹಳೆಯ ಯಜಮಾನನ ಪಾತ್ರ ಮಾಡಲು ಒಬ್ಬರು ಬೇಕಿತ್ತು, ಗಂಟಲು ಮನೆಯಲ್ಲೇ ಇತ್ತು, ಅಷ್ಟೇ.

ನವೆಂಬರಿನ ಆ ಶುಕ್ರವಾರ ರಾತ್ರಿ ಹನ್ನೊಂದಕ್ಕೆ ಫೋನ್ ಬಂತು. ಹೈದರಾಬಾದಿನ ಗೆಳೆಯ, ಈಗ ಅಲ್ಲಿಂದಲೂ ಎದ್ದು ಪುಣೆಯಲ್ಲಿದ್ದಾನೆ. ಮಗಳ ಮದುವೆಗೆ ಕರೆಯುವ ವಯಸ್ಸೇನೂ ಅಲ್ಲ, ಯಾರಿಗೋ ಏನೋ ಆಗಿದೆ ಎಂದುಕೊಂಡು ಎತ್ತಿದೆ. "ಕೇಳಿದ್ಯಾ ಮಾರಾಯ?" ಎಂದ. ಕೇಳಿದೆ ಎಂದೆ. "ಬಂದ ನೋಡು!" ಎಂದ. ಮೇಲೆ ಬರೆದ ವಾದವನ್ನೆಲ್ಲ ಅವನಿಗೆ ಒಪ್ಪಿಸಬೇಕೆಂದು ಬಾಯಿ ತೆರೆದೆ. ಹನ್ನೆರಡು ವರ್ಷದ ಮೇಲೆ ಬಂದ ಫೋನು. ಹೌದು ಮಾರಾಯ, ಬಂದ, ಎಂದೆ. ಅವನ ಕಡೆಯಿಂದ ಮೂರನೇ ಕಲಮು ಶುರುವಾಯಿತು, ಸ್ಪೀಕರಿನಲ್ಲಿ. ನಾನೂ ನನ್ನ ಕಡೆ ಅದನ್ನೇ ಹಚ್ಚಿದೆ. ಎರಡೂ ಒಂದು ಮಾತ್ರೆಯಷ್ಟು ಹಿಂದೆ ಮುಂದೆ ಆಗಿ, ಗದ್ದಲವೋ ಗದ್ದಲ. ಪಕ್ಕದ ಫ್ಲ್ಯಾಟಿನವರು ಗೋಡೆ ಬಡಿದರು.